1984ರ ಫೈನಲ್‌ನಲ್ಲಿ ಯಮಾಶಿತ ಅವರ ಗಾಯದ ಕಾಲನ್ನು ಎದುರಾಳಿ ಮುಟ್ಟಲೇ ಇಲ್ಲವೇ?

ಪ್ರಶ್ನೆ (ಹಾಸನದಿಂದ, ತಂದೆಯೊಬ್ಬರು)

ನಮಸ್ಕಾರ. ಹಾಸನದಲ್ಲಿ ಜೂಡೋ ಕಲಿಯುತ್ತಿರುವ ನನ್ನ ಮಗನದು ದೊಡ್ಡ ಮೈಕಟ್ಟು, ಹೆವಿವೇಟ್ ವಿಭಾಗದಲ್ಲಿ ಆಡುತ್ತಾನೆ. ಕಳೆದ ತಿಂಗಳು ಅಭ್ಯಾಸದಲ್ಲಿ ಮೀನಖಂಡಕ್ಕೆ ಪೆಟ್ಟಾಗಿ ಮನೆಯಲ್ಲೇ ಕುಳಿತಿರುವ ಅವನಿಗೆ, ಅಂಥದೇ ಗಾಯದೊಂದಿಗೆ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಜಪಾನಿನ ಯಾಸುಹಿರೊ ಯಮಾಶಿತ ಅವರ ವಿಷಯ ಹೇಳಿದೆ. ಈಜಿಪ್ಟಿನ ಮೊಹಮ್ಮದ್ ರಶ್ವಾನ್ ಆ ಕಾಲಿನ ತಂಟೆಗೇ ಹೋಗಲಿಲ್ಲವೆಂದು ಎಲ್ಲೋ ಕೇಳಿದ್ದನ್ನೂ ಸೇರಿಸಿದೆ. "ಹಾಗಾದರೆ ಅವರು ಬಿಟ್ಟುಕೊಟ್ಟರಾ ಅಪ್ಪಾ?" ಎಂದು ಕೇಳಿದ ಅವನ ಮುಖ ಸಪ್ಪಗಾಯಿತು. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಚಿಕ್ಕಮಗಳೂರಿನಿಂದ, ಜೂಡೋ ತರಬೇತುದಾರ)

ಖಂಡಿತ ಬಿಟ್ಟುಕೊಡಲಿಲ್ಲ. ರಶ್ವಾನ್ ಗಾಯವಾಗಿದ್ದ ಬಲಗಾಲಿನ ಕಡೆಗೂ ಎರಗಿದ್ದರೆಂದು ಯಮಾಶಿತ ಅವರೇ ಮುಂದೆ ಹೇಳಿದ್ದಾರೆ.

ಗಾಯವಾದದ್ದು ಎರಡನೆಯ ಪಂದ್ಯದಲ್ಲಿ, ಪಶ್ಚಿಮ ಜರ್ಮನಿಯ ಆರ್ಥರ್ ಶ್ನಾಬೆಲ್ ಎದುರು. ಯಮಾಶಿತ ಎಡಗಡೆಯ ಹಿಡಿತದವರು. ಅವರ ಉಚಿಮಾಟಾ ಪಟ್ಟಿನಲ್ಲಿ ಎಡಗಾಲು ಎದುರಾಳಿಯ ತೊಡೆಗಳ ನಡುವೆ ಮೇಲೇಳುವಾಗ ಇಬ್ಬರ ಭಾರವನ್ನೂ ಹೊರಬೇಕಾದದ್ದು ಬಲಗಾಲು, ಅಂದರೆ ಪೆಟ್ಟಾಗಿದ್ದ ಕಾಲೇ. ಸೆಮಿಫೈನಲ್‌ನಲ್ಲಿ ಫ್ರಾನ್ಸಿನ ಡೆಲ್ ಕೊಲೊಂಬೊ ಮೊದಲು ಅಂಕ ಪಡೆದದ್ದಕ್ಕೆ ಇದೂ ಕಾರಣವೆಂಬುದು ನನ್ನ ಅಭಿಪ್ರಾಯ. ಫೈನಲ್‌ನಲ್ಲಿ ಯಮಾಶಿತ, ರಶ್ವಾನ್ ಅವರ ದಾಳಿಯನ್ನು ತಪ್ಪಿಸಿ ಅವರನ್ನು ನೆಲಕ್ಕೆ ತಂದು, ಎದೆಯ ಮೇಲೆ ಅಡ್ಡಲಾಗಿ ಒರಗಿ, ಆಗಿನ ನಿಯಮದಂತೆ 30 ಸೆಕೆಂಡು ಅಲುಗಾಡಲು ಬಿಡದೆ ಒತ್ತಿ ಹಿಡಿದರು. ನೆಲದ ಪಟ್ಟುಗಳಲ್ಲಿ ಅಷ್ಟು ನುರಿತಿರದಿದ್ದರೆ ಆ ಚಿನ್ನ ಸಿಗುತ್ತಿರಲಿಲ್ಲ. ಪದಕದ ವೇದಿಕೆ ಹತ್ತುವಾಗ ಅವರಿಗೆ ಕೈ ನೀಡಿ ನೆರವಾದವರು ರಶ್ವಾನ್. ಅದನ್ನು ಮಗನಿಗೆ ತಪ್ಪದೆ ಹೇಳಿ.

ಉತ್ತರ (ಅರಸೀಕೆರೆಯಿಂದ, ನಿವೃತ್ತ ದೈಹಿಕ ಶಿಕ್ಷಕ)

ಗರಡಿಯಲ್ಲಿ ಬೆಳೆದ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1980ರ ವರ್ಷ. ಆಗ ಯಮಾಶಿತ ಅವರಿಗೆ 22 ವಯಸ್ಸು. ಜಪಾನ್ ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕರಿಸಿತು. ಅದೇ ಕಾಲಕ್ಕೆ ಜಪಾನಿನವರೇ ಆದ ಜೂಡೋಪಟು ಎಂಡೊ ಅವರೊಂದಿಗಿನ ಪಂದ್ಯದಲ್ಲಿ, ಎರಡೂ ಕಾಲುಗಳಿಂದ ಕತ್ತರಿಯಂತೆ ಸಿಕ್ಕಿಸಿ ಕೆಡಹುವ ಪಟ್ಟಿಗೆ ಸಿಕ್ಕು ಅವರ ಕಾಲಿನ ಮೂಳೆಯೇ ಮುರಿಯಿತು. ಆ ಪಟ್ಟು ಈಗ ನಿಷಿದ್ಧ. ಮರುವರ್ಷ ಮಾಸ್ಟ್ರಿಕ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು ಗೆದ್ದದ್ದು ಎರಡು ಚಿನ್ನ. 1977ರಿಂದ 1985ರಲ್ಲಿ ನಿವೃತ್ತರಾಗುವವರೆಗೆ ಸೋಲದೆ 203 ಗೆಲುವು, ನಡುವೆ ಏಳು ಡ್ರಾ. ಅಖಿಲ ಜಪಾನ್ ಪ್ರಶಸ್ತಿ ಸತತ ಒಂಬತ್ತು ಬಾರಿ. ಮೂಳೆ ಕೂಡಿಕೊಳ್ಳುವವರೆಗೆ ಅಂಥವರೇ ಕಾಯಬೇಕಾಯಿತು. ಆದ್ದರಿಂದ ಹುಡುಗನನ್ನು ಅವಸರದಿಂದ ಕಣಕ್ಕಿಳಿಸಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಎರಡೂ ಉತ್ತರಗಳನ್ನು ಮಗನಿಗೆ ಓದಿ ಹೇಳಿದೆ. ವೈದ್ಯರು ಇನ್ನೂ ಮೂರು ವಾರ ನಿಂತು ಆಡಬಾರದೆಂದಿದ್ದಾರೆ. ನೆಲದ ಹಿಡಿತಗಳನ್ನು ಅಭ್ಯಾಸ ಮಾಡಬಹುದೇ ಎಂದು ಅವರನ್ನು ಕೇಳಿ ಬರೋಣವೆಂದು ಈಗ ಅವನೇ ನನ್ನನ್ನು ಹೊರಡಿಸುತ್ತಿದ್ದಾನೆ.