ಅಪ್‌ಡೇಟ್: ಐದು ತಿಂಗಳ ಮಗಳ ಉಬ್ಬಸ, ಈಗ ಆರಾಮ

ಶೀತ ಶುರುವಾಗಿ ಎದೆ ಗೊರಗೊರ ಅನ್ನುತ್ತಿದೆ, ಮಗು ಸರಿಯಾಗಿ ಹಾಲು ಕುಡಿಯುತ್ತಿಲ್ಲ ಅಂತ ಕಳೆದ ವಾರ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಈಗ ಹುಷಾರಾಗಿದ್ದಾಳೆ.

"ಮೊದಲು ಉಸಿರು ಎಣಿಸಿ" ಅಂದವರ ಮಾತೇ ಕೆಲಸಕ್ಕೆ ಬಂತು. ಮಲಗಿದ್ದಾಗ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಎಣಿಸಿದರೆ 64! ಈ ವಯಸ್ಸಿಗೆ 50 ಮುಟ್ಟಿದರೇ ಜಾಸ್ತಿ. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಮಳೆಯಲ್ಲೇ ಕಾಪುವಿನಿಂದ ಉಡುಪಿಗೆ ಹೊರಟೆವು.

ಬ್ರಾಂಕಿಯೋಲೈಟಿಸ್ ಅಂದರು ಡಾಕ್ಟರ್. ಆರ್‌ಎಸ್‌ವಿಯಂಥ ವೈರಸ್‌ನಿಂದ ಸಣ್ಣ ಶ್ವಾಸನಾಳಗಳ ಒಳಪದರ ಊದಿ ಕಫ ಕಟ್ಟಿಕೊಳ್ಳುತ್ತದೆ. ಅಡ್ಮಿಟ್ ಮಾಡಿ ಆಕ್ಸಿಜನ್ ಕೊಟ್ಟರು. ವೈರಸ್‌ಗೆ ನಾಟುವುದಿಲ್ಲವೆಂದು ಆ್ಯಂಟಿಬಯಾಟಿಕ್ ಕೊಡಲಿಲ್ಲ. ಕೆಲವರು ಹೇಳಿದ್ದ ನೆಬ್ಯುಲೈಸರ್ (ಅಸ್ತಮಾಕ್ಕೆ ಕೊಡುವಂಥ, ನಾಳದ ಸ್ನಾಯು ಸಡಿಲಿಸುವ ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಯಂತ್ರ) ಹಾಕಿ ನೋಡಿದರು, ವ್ಯತ್ಯಾಸ ಕಾಣದೆ ನಿಲ್ಲಿಸಿದರು. ಅಸ್ತಮಾದಲ್ಲಿ ನಾಳದ ಸ್ನಾಯು ಬಿಗಿಯುತ್ತದೆ, ಇಲ್ಲಿ ತೊಂದರೆ ಹೆಚ್ಚಾಗಿ ಊತ ಮತ್ತು ಕಫದ್ದು ಅಂತ ಆಗಲೇ ಗೊತ್ತಾದದ್ದು.

ನಿಜಕ್ಕೂ ಉಪಕಾರವಾದದ್ದು ಹಾಲಿಗೆ ಮುಂಚೆ ಮೂಗಿಗೆ ಸಲೈನ್ ಡ್ರಾಪ್ಸ್, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಆಗಾಗ ಹಾಲು. ಸಾಂಬ್ರಾಣಿ ಸೊಪ್ಪಿನ (ದೊಡ್ಡಪತ್ರೆ) ರಸಕ್ಕೆ ಜೇನು ಸೇರಿಸಿ ಕೊಡಿ ಅಂದವರಿಗೆ ಒಂದು ಮಾತು: ವರ್ಷದೊಳಗಿನ ಮಗುವಿಗೆ ಜೇನು ಕೂಡದು, ಬೊಟ್ಯುಲಿಸಂ ಅನ್ನೋ ಬ್ಯಾಕ್ಟೀರಿಯಾದ ವಿಷಬಾಧೆ ಆಗುವ ಅಪಾಯ ಇದೆ. ಕೆಮ್ಮು ಇನ್ನೂ ಸ್ವಲ್ಪ ಇದೆ, ಎರಡು ಮೂರು ವಾರ ಇರಬಹುದಂತೆ.