ಅನಾಥಾಲಯದ ಹಿಂದಿನ ಸಮಾಧಿ ಜಾಗ: ಅಗೆಸುವುದೋ, ಕಲ್ಲು ನೆಡುವುದೋ?

ಮನೆ 7: ಭಾನುವಾರದ ಸಭೆಗೆ ಮುಂಚೆ ಒಂದು ಮಾತು. ಅನಾಥಾಲಯದ ಹಿಂದೆ ಹೂಳಿದ ಮಕ್ಕಳಿಗೆ ಸ್ಮಾರಕ ಬೇಕೆನ್ನುವವರೂ ಜಾಗ ಅಗೆಸಿ ಎನ್ನುವವರೂ ಸಮಾಧಿ ಎಲ್ಲೆಲ್ಲಿವೆ ಅಂತ ಗೊತ್ತಿದ್ದವರ ಹಾಗೇ ವಾದ ಮಾಡ್ತಿದ್ದೀರಿ. ಫ್ಲೋರಿಡಾದ ಡೋಝಿಯರ್ ಬಾಲಕರ ಶಾಲೆಯಲ್ಲಿ ಸಮಾಧಿ ಗುರುತಿಗೆ ನೆಟ್ಟಿದ್ದ ಶಿಲುಬೆ 31. ವಿಶ್ವವಿದ್ಯಾಲಯದವರು ಹುಡುಕಿದಾಗ ಸಿಕ್ಕ ಸಮಾಧಿ 55, ಎಷ್ಟೋ ಶಿಲುಬೆಗಳಿಂದಾಚೆ, ಪೊದೆಗಳ ಕೆಳಗೆ.

ಮನೆ 22: ನೆಲದೊಳಕ್ಕೆ ಅಲೆ ಬಿಡೋ ರೇಡಾರ್ ಹಾಯಿಸಿದ್ರೆ ಗೊತ್ತಾಗಲ್ವಾ ಸರ್?

ಮನೆ 7: ರೇಡಾರಿಗೆ ಮೂಳೆ ಕಾಣಲ್ಲ ಮೇಡಂ. ತೋಡಿ ಮುಚ್ಚಿದ ಮಣ್ಣಿಗೂ ಸುತ್ತಲಿನ ಮಣ್ಣಿಗೂ ಇರುವ ವ್ಯತ್ಯಾಸ ಕಾಣುತ್ತೆ, ಅಷ್ಟೇ. ಮರದ ಬೇರು, ಹಳೇ ಪೈಪು, ಹೆಗ್ಗಣದ ಬಿಲ ಕೂಡ ಹಾಗೇ ಕಾಣಬಹುದು. ಒದ್ದೆ ಜೇಡಿಮಣ್ಣಲ್ಲಿ ಅಲೆ ಆಳಕ್ಕಿಳಿಯಲ್ಲ, ನೆಲ ಒಣಗಿದ ಮೇಲೇ ಮಾಡಿಸಬೇಕು. ಮಕ್ಕಳ ಗುಂಡಿ ಚಿಕ್ಕದು; ಒಂದು ಮೀಟರಿಗೊಂದು ಸಾಲು ಹೊಡೆದರೆ ನಡುವೆ ತಪ್ಪಿಹೋಗುತ್ತೆ. 25 ಸೆಂಮೀ ಅಂತರ, ಉದ್ದಕ್ಕೂ ಅಡ್ಡಕ್ಕೂ ಅಂತ ಕರಾರಿನಲ್ಲೇ ಬರೆಸಿ.

ಮನೆ 15: ಆಮೇಲೆ ಪರೀಕ್ಷೆಗೆ ನೆಲದಲ್ಲಿ ಒಂದೆರಡು ಉದ್ದನೆ ಪಟ್ಟಿ ಅಗೆಸೋದು, ಅನುಮತಿ ಪಡೆದು. ಚಿಕ್ಕ ಜೆಸಿಬಿ, ಹಲ್ಲಿಲ್ಲದ ಬಕೆಟ್, ಸಲಕ್ಕೆ 5ರಿಂದ 10 ಸೆಂಮೀ ಮಣ್ಣು, ಪಕ್ಕದಲ್ಲೇ ಪುರಾತತ್ವ ತಜ್ಞರು. ಗುಂಡಿಯ ಅಂಚು ಬೇರೆ ಬಣ್ಣದಲ್ಲಿ ಕಂಡ ಕೂಡಲೇ ನಿಲ್ಲಿಸಿ ಅಳತೆ, ಫೋಟೊ ತೆಗೆದು ಮತ್ತೆ ಮುಚ್ಚೋದು. ಈ ಹಂತದಲ್ಲಿ ಮೂಳೆ ಎತ್ತಲೇಬಾರದು.

ಮನೆ 31: ಎತ್ತಿದ್ರೆ ಡಿಎನ್‌ಎಯಿಂದ ಹೆಸರಾದ್ರೂ ಸಿಗುತ್ತಲ್ಲ?

ಮನೆ 15: ಹೋಲಿಸೋಕೆ ರಕ್ತಸಂಬಂಧಿ ಇದ್ದರೆ ಮಾತ್ರ. ಹುಳಿ ಮಣ್ಣಲ್ಲಿ ಕೂಸುಗಳ ಮೂಳೆ ಕರಗಿಹೋಗುತ್ತೆ. ಒಳಕಿವಿಯ ಸುತ್ತಲಿನ ಗಟ್ಟಿ ಮೂಳೆ ಉಳಿದಿದ್ದರೆ ಆಸೆ ಇಟ್ಟುಕೊಳ್ಳಬಹುದು. ಐರ್ಲೆಂಡಿನ ಟುವಾಮ್‌ನಲ್ಲಿ, ಮದುವೆಯಾಗದ ತಾಯಂದಿರನ್ನೂ ಅವರ ಮಕ್ಕಳನ್ನೂ ಇರಿಸುತ್ತಿದ್ದ ಆಶ್ರಮದಲ್ಲಿ, 796 ಮಕ್ಕಳ ಸಾವಿನ ದಾಖಲೆ ಇತ್ತು. ಅವಶೇಷ ಖಚಿತವಾದದ್ದು 2017ರಲ್ಲಿ, ಅಗೆಯಲು ಅವಕಾಶ ಕೊಡುವ ಕಾನೂನು ಬಂದದ್ದು 2022ರಲ್ಲಿ, ಪೂರ್ತಿ ಅಗೆತ ಶುರುವಾದದ್ದು 2025ರ ಜುಲೈಯಲ್ಲಿ. ಮೂಳೆ ಇನ್ನೊಂದು ವರ್ಷ ಕಾಯಬಹುದು, ವಯಸ್ಸಾದ ಅಕ್ಕ ತಮ್ಮಂದಿರು ಕಾಯಲಾರರು. ಅಗೆಸುವ ತೀರ್ಮಾನ ಆಗದಿದ್ದರೂ ಅವರ ಒಪ್ಪಿಗೆ ಪಡೆದು ಡಿಎನ್‌ಎಗೆ ಕೆನ್ನೆಯೊಳಗಿನ ಮಾದರಿ ಈಗಲೇ ತೆಗೆಸಿಡಬೇಕು.

ಮನೆ 22: ಅಲ್ಲೀವರೆಗೆ ಸ್ಮಾರಕ?

ಮನೆ 7: ಸಮಾಧಿ ಜಾಗದ ಗಡಿಯಾಚೆ, ಬುನಾದಿ ತೋಡದೆ, ನೆಲದ ಮೇಲೆ ಕೂರಿಸುವ ಕಲ್ಲು ಸಾಕು. ಕಾಂಕ್ರೀಟ್ ಕಂಬಕ್ಕೆ ಗುಂಡಿ ತೆಗೆದರೆ ಅದೂ ಅಗೆತವೇ, ನೋಡುವ ತಜ್ಞರಿಲ್ಲದ ಅಗೆತ! ಹೆಸರು ಈಗಲೇ ಕೆತ್ತಿಸಬೇಡಿ. ಮರಣ ರಿಜಿಸ್ಟರನ್ನೂ ಸುತ್ತಲ ಸ್ಮಶಾನಗಳ ಪುಸ್ತಕವನ್ನೂ ತಾಳೆ ನೋಡಬೇಕು, ಕೆಲವರನ್ನು ಬೇರೆ ಕಡೆ ಹೂಳಿರಬಹುದು. ಮರವಂತೂ ಬೇಡವೇ ಬೇಡ, ಬೇರು ಮೂಳೆಗಳ ನಡುವೆ ನುಗ್ಗಿ ಎಲ್ಲ ಕಲಸಿಬಿಡುತ್ತೆ.

ಮನೆ 31: ಸರಿ, ನರ್ಸರಿಗೆ ಹೇಳಿದ್ದ ಸಸಿ ಬೇಡ ಅಂತೀನಿ.