ವಿಷಯ: ಸ್ಟ್ರೊಮ್ಯಾಟೊಲೈಟ್‌ಗೆ ಕನ್ನಡದಲ್ಲಿ ಏನನ್ನೋಣ? (ಫಲಕಕ್ಕೆ, ತುರ್ತು)

ಎಲ್ಲರಿಗೂ ನಮಸ್ಕಾರ. ಕಾಲೇಜಿನ ಕಲ್ಲುಗಳ ಸಂಗ್ರಹಕ್ಕೆ ಮಾಡಿಸುತ್ತಿರುವ ಫಲಕ ನಾಳೆ ಅಚ್ಚಿಗೆ ಹೋಗಬೇಕು. ಚಿತ್ರದುರ್ಗದ ಕಡೆಯ ಸುಣ್ಣಕಲ್ಲು, 250 ಕೋಟಿ ವರ್ಷಕ್ಕೂ ಹಳೆಯದು, ಕೊಯ್ದ ಮುಖದಲ್ಲಿ ಒಂದರ ಮೇಲೊಂದು ಉಬ್ಬಿದ ಗೆರೆಗಳಿವೆ. ‘ಪದರಶಿಲೆ: ನೀಲಿಹಸಿರು ಪಾಚಿಯ ಪಳೆಯುಳಿಕೆ’ ಎಂದು ಬರೆದಿದ್ದೇನೆ. ನಡೆದೀತೆ?

--------

> ಪದರಶಿಲೆ: ನೀಲಿಹಸಿರು ಪಾಚಿಯ ಪಳೆಯುಳಿಕೆ

ನಡೆಯದು. ಪದರುಶಿಲೆ ಎಂದರೆ ಶಾಲೆಯ ಪುಸ್ತಕದಲ್ಲಿ ಮರಳುಗಲ್ಲು, ಸುಣ್ಣಕಲ್ಲು ಎಲ್ಲವೂ. ಪಾಚಿಯನ್ನೂ ತೆಗೆಯಿರಿ. ನೀಲಿಹಸಿರು ಪಾಚಿ ಎನ್ನುವುದು ನಿಜದಲ್ಲಿ ಸಯನೊಬ್ಯಾಕ್ಟೀರಿಯಾ, ಒಂದು ಬಗೆಯ ಬ್ಯಾಕ್ಟೀರಿಯಾ. ಅದರ ಕೋಶದಲ್ಲಿ ಕೋಶಕೇಂದ್ರವಿಲ್ಲ, ಅದು ಪಾಚಿಯಲ್ಲ.

ಪಳೆಯುಳಿಕೆಯ ಮಾತಂತೂ ಓದುವವರ ದಾರಿ ತಪ್ಪಿಸುತ್ತದೆ. ಇಂಥ ಕಲ್ಲುಗಳಲ್ಲಿ ಸಾಮಾನ್ಯವಾಗಿ ಜೀವಿಯ ಒಡಲು ಉಳಿದಿರುವುದಿಲ್ಲ. ಆಳವಿಲ್ಲದ ನೀರಿನ ತಳದಲ್ಲಿ ಲೋಳೆಯಾಗಿ ಹಬ್ಬಿದ ಸೂಕ್ಷ್ಮಜೀವಿಗಳು ಹೂಳಿನ ಕಣಗಳನ್ನು ಹಿಡಿದಿಡುತ್ತವೆ, ಅದರ ಮೇಲೆ ಸುಣ್ಣ ಕೂರುತ್ತದೆ, ಮುಚ್ಚಿಹೋದವು ಬೆಳಕಿಗಾಗಿ ಮೇಲೇರಿ ಮತ್ತೆ ಹಬ್ಬುತ್ತವೆ. ನಿಮ್ಮ ಗೆರೆಗಳು ಹಾಗೆ ಕಟ್ಟಿದವು. ಒಡಲೇ ಉಳಿದದ್ದು ಬೇಕೆಂದರೆ ಕೆನಡಾದ ಗನ್‌ಫ್ಲಿಂಟ್ ಚರ್ಟ್ ಎಂಬ ಸಿಲಿಕಾದ ಗಟ್ಟಿ ಕಲ್ಲನ್ನು ನೋಡಿ: ಸುಮಾರು 188 ಕೋಟಿ ವರ್ಷ ಹಳೆಯದು, ವಿಜ್ಞಾನಿಗಳಾದ ಟೈಲರ್ ಮತ್ತು ಬಾರ್ಗ್‌ಹೂರ್ನ್ 1954ರಲ್ಲಿ ಪ್ರಕಟಿಸಿದ್ದು. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳು ಇವತ್ತೂ ಬೆಳೆಯುತ್ತಿವೆ. ಅವನ್ನೂ ಪಳೆಯುಳಿಕೆ ಎನ್ನುತ್ತೀರಾ?

ಸ್ಟ್ರೊಮ್ಯಾಟೊಲೈಟ್ ಎಂದೇ ಇರಲಿ.

--------

ಜರ್ಮನಿಯ ಭೂವಿಜ್ಞಾನಿ ಕಾಲ್ಕೊವ್ಸ್ಕಿ 1908ರಲ್ಲಿ ಗ್ರೀಕಿನ ‘ಹಾಸು’, ‘ಕಲ್ಲು’ ಎರಡನ್ನು ಸೇರಿಸಿ ಆ ಹೆಸರು ಕಟ್ಟಿದ. ನಮ್ಮಲ್ಲಿ ಎರಡೂ ಮಾತುಗಳಿವೆ. ಹಾಸುಗಲ್ಲು ಎನ್ನಿ. ಪಳೆಯುಳಿಕೆಯೂ ಬೇಡ, ಪಕಾರ ಹಕಾರವಾಗಿ ಎಷ್ಟು ಶತಮಾನವಾಯಿತು? ಹಳೆಯುಳಿಕೆ ಎಂದರಾಯಿತು. ಎಲ್ಲದಕ್ಕೂ ಸಾಲ ತರುವ ಚಾಳಿಯಿಂದಲೇ ಕನ್ನಡದಲ್ಲಿ ವಿಜ್ಞಾನ ಬೆಳೆದಿಲ್ಲ.

--------

ಹಾಸುಗಲ್ಲು ಗುಡಿಯ ಅಂಗಳದಲ್ಲಿ ಹಾಸಿರುವ ಕಲ್ಲು. ಆ ಹೆಸರು ಖಾಲಿ ಇಲ್ಲ. ಪಳೆಯುಳಿಕೆ ಮಕ್ಕಳ ಬಾಯಲ್ಲಿ ನಿಂತಿರುವ ಪದ, ಅದನ್ನು ಕಿತ್ತು ಮತ್ತೆ ನೆಡುವ ಅಗತ್ಯವೇನು? ಮೇಜು, ಕುರ್ಚಿ ಸಾಲ ತಂದದ್ದರಿಂದ ಕನ್ನಡ ಸೊರಗಲಿಲ್ಲ. ವಿಜ್ಞಾನ ಬೆಳೆಯದಿರುವುದು ಬರೆಯುವವರಿಲ್ಲದೆ.

ಫಲಕಕ್ಕೆ ಇಷ್ಟು ಸಾಕು: ‘ಸ್ಟ್ರೊಮ್ಯಾಟೊಲೈಟ್. ಸೂಕ್ಷ್ಮಜೀವಿಗಳ ಹೊದಿಕೆ ಪದರ ಪದರವಾಗಿ ಕಟ್ಟಿದ ಸುಣ್ಣಕಲ್ಲು. 250 ಕೋಟಿ ವರ್ಷಕ್ಕೂ ಹಳೆಯದು.’

--------

> ಆ ಹೆಸರು ಖಾಲಿ ಇಲ್ಲ.

ಒಂದೇ ಪದಕ್ಕೆ ಎರಡು ಅರ್ಥ ಇರಬಾರದೆಂದು ಯಾವ ವ್ಯಾಕರಣ ಹೇಳುತ್ತದೆ? ಮೇಜು ಬಂದಾಗ ನಮ್ಮಲ್ಲಿ ಅದಕ್ಕೆ ಪದವಿರಲಿಲ್ಲ, ತಂದೆವು. ಹಾಸು ಇದೆ, ಕಲ್ಲು ಇದೆ. ಇದ್ದದ್ದನ್ನು ಬಿಟ್ಟು ತರುವುದನ್ನು ನಾನು ಒಪ್ಪುವುದಿಲ್ಲ.

--------

ಕೊನೆಯ ಒಕ್ಕಣೆಯನ್ನೇ ಅಚ್ಚಿಗೆ ಕಳಿಸಿದೆ. ಉಪಕಾರವಾಯಿತು. ಹಾಸುಗಲ್ಲಿನ ಚರ್ಚೆಗೆ ದಯವಿಟ್ಟು ಬೇರೆ ಎಳೆ ತೆರೆಯಿರಿ.